ಕಾಫಿ ತೋಟದ ಹೆಂಗಸರ ಕೆಲಸದ ಹೊರೆಯನ್ನು ಅಳೆಯುವುದು ಹೇಗೆ: ಕೊಡಗಿನ ಸಂಶೋಧನಾ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನ ಕಾಫಿ ತೋಟಗಳನ್ನು ಕುರಿತ ವಿದ್ಯಾರ್ಥಿ ಸಂಶೋಧನೆಗಳು ಪದೇ ಪದೇ ಒಂದೇ ಜಾಗದಲ್ಲಿ ಎಡವುತ್ತಿವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಣ್ಣು ಕೊಯ್ಯುವ ಯಂತ್ರವನ್ನೋ ಮೂಟೆ ಸಾಗಿಸುವ ಗಾಡಿಯನ್ನೋ ಮಾಡಿ ತರುತ್ತಾರೆ, ಆದರೆ ಅದನ್ನು ಹಿಡಿಯುವವರ ಕೈ ಎಷ್ಟು ದೊಡ್ಡದು, ಅವರು ಎಂಥ ಇಳಿಜಾರಿನಲ್ಲಿ ನಿಲ್ಲುತ್ತಾರೆ ಎಂಬುದನ್ನು ಅಳೆದಿರುವುದಿಲ್ಲ. ಮಹಿಳಾ ಅಧ್ಯಯನದ ವಿದ್ಯಾರ್ಥಿಗಳು ದುಡಿಮೆಯ ಹೊರೆಯ ಬಗ್ಗೆ ಒಳ್ಳೆಯ ಸಂದರ್ಶನಗಳನ್ನು ತರುತ್ತಾರೆ, ಆದರೆ ಒಂದು ಮೂಟೆಯ ತೂಕವಾಗಲಿ, ಒಂದು ದಿನದ ಗಂಟೆಗಳ ಲೆಕ್ಕವಾಗಲಿ ಅದರಲ್ಲಿ ಇರುವುದಿಲ್ಲ. ಈ ಕೆಲಸ ಯಾರದು, ಎಷ್ಟು ಹೊತ್ತಿನದು, ನಿಮಗೆ ಅದು ಹೇಗೆ ತಿಳಿಯಿತು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಇಬ್ಬರಿಗೂ ಉತ್ತರ ಹೊಳೆಯುವುದಿಲ್ಲ.

ತಪ್ಪು ಹೆಚ್ಚಾಗಿ ಇರುವುದು ಕ್ರಮದಲ್ಲಿ. ಮೊದಲು ಸಮಯವನ್ನು, ಆಮೇಲೆ ಭಾರವನ್ನು, ಆಮೇಲೆ ದೇಹವನ್ನು ಅಳೆಯಬೇಕು. ಉಪಕರಣದ ಮಾತು ಬರಬೇಕಾದದ್ದು ಇವೆಲ್ಲದರ ನಂತರ. ಮುಂದಿನ ಹಂತಗಳನ್ನು ಈ ಕ್ರಮದಲ್ಲೇ ಇಟ್ಟಿದ್ದೇನೆ, ಹಿಂದುಮುಂದು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

## ಬೇಕಾಗುವ ಸಾಮಗ್ರಿ

ಡಿಜಿಟಲ್ ತೂಗುತಕ್ಕಡಿ, ತಕ್ಕಡಿಯನ್ನು ಪರೀಕ್ಷಿಸಲು ತೂಕ ಗೊತ್ತಿರುವ ಕಲ್ಲು, 30 ಮೀಟರಿನ ಅಳತೆ ಟೇಪು, ಇಳಿಜಾರು ಅಳೆಯುವ ಕ್ಲೈನೋಮೀಟರ್ ಅಥವಾ ಅದೇ ಕೆಲಸ ಮಾಡುವ ಫೋನ್ ಆ್ಯಪ್, ಗೋಡೆಗೆ ಹಿಡಿದು ಎತ್ತರ ಅಳೆಯುವ ಪಟ್ಟಿ, ನಾಡಿ ಬಡಿತ ಅಳೆಯುವ ಎದೆಪಟ್ಟಿ, ಗಟ್ಟಿ ರಟ್ಟಿನ ನೋಟ್‌ಬುಕ್ಕು, ಪೆನ್ಸಿಲು. ಇಬ್ಬನಿಯಲ್ಲಿ ಒದ್ದೆಯಾದ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುವುದರಿಂದ ಪೆನ್ಸಿಲೇ ಲೇಸು. ಇಷ್ಟಕ್ಕೆ ಹೆಚ್ಚು ಹಣ ಬೇಕಾಗುವುದಿಲ್ಲ. ಪ್ರಶ್ನೆ ತೀರ್ಮಾನವಾಗುವ ಮೊದಲು ದುಬಾರಿ ಸೆನ್ಸರ್ ಕೊಂಡರೆ, ಕೊನೆಗೆ ಆ ಸೆನ್ಸರ್ ಅಳೆಯಬಲ್ಲದ್ದೇ ನಿಮ್ಮ ಪ್ರಶ್ನೆಯಾಗಿ ಉಳಿದುಬಿಡುತ್ತದೆ.

## ಹಂತ 1: ಪ್ರಶ್ನೆಯನ್ನು ಒಂದೇ ಕೆಲಸಕ್ಕೆ ಇಳಿಸಿ

‘ಕೊಡಗಿನ ತೋಟ ಕಾರ್ಮಿಕ ಮಹಿಳೆಯರ ಸ್ಥಿತಿಗತಿ’ ಎಂಬುದು ಒಂದು ವಿಷಯ, ಅದು ಸಂಶೋಧನಾ ಪ್ರಶ್ನೆಯಲ್ಲ. ಪ್ರಶ್ನೆಯಲ್ಲಿ ಒಂದು ಕೆಲಸ, ಒಂದು ಗುಂಪು, ಒಂದು ಕಾಲ, ಅಳೆಯಬಹುದಾದ ಒಂದು ಸಂಗತಿ ಇರಬೇಕು. ಉದಾಹರಣೆಗೆ: ‘ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಲೈನ್ ಮನೆಗಳಲ್ಲಿ ವಾಸಿಸುವ ಹೆಂಗಸರು ಹಣ್ಣಿನ ಮೂಟೆಯನ್ನು ತೂಕದ ಜಾಗದವರೆಗೆ ಹೊರಲು ದಿನಕ್ಕೆ ಎಷ್ಟು ಸಮಯ ಕಳೆಯುತ್ತಾರೆ, ಎಷ್ಟು ಭಾರ ಹೊರುತ್ತಾರೆ, ಮತ್ತು ಆ ದಿನ ಅವರ ಮನೆಗೆಲಸದ ಗಂಟೆಗಳು ಎಷ್ಟು?’

ರೊಬಸ್ಟಾ ಕಾಫಿಯ ಒಂದು ಜಾತಿ, ಅರೇಬಿಕಾ ಇನ್ನೊಂದು. ಲೈನ್ ಮನೆಗಳೆಂದರೆ ತೋಟದವರು ಕೆಲಸದವರಿಗೆ ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳು. ಈ ಪ್ರಶ್ನೆಯ ಭಾರದ ಭಾಗಕ್ಕೆ ತಕ್ಕಡಿ ಉತ್ತರ ಕೊಡುತ್ತದೆ, ಸಮಯದ ಭಾಗಗಳಿಗೆ ದಿನಚರಿ. ಎರಡನ್ನೂ ಒಂದೇ ಪ್ರಶ್ನೆಯೊಳಗೆ ತರುವುದೇ ಸ್ತ್ರೀವಾದಿ ಸಂಶೋಧನಾ ಕ್ರಮದ ಮೂಲ ಬೇಡಿಕೆ, ಏಕೆಂದರೆ ಕೂಲಿ ಸಿಗುವ ಕೆಲಸವನ್ನಷ್ಟೇ ಅಳೆದರೆ ಆ ದೇಹ ದಣಿಯುವ ಅರ್ಧ ದಿನ ಲೆಕ್ಕದಿಂದ ಹೊರಗೆ ಬೀಳುತ್ತದೆ. ಭಾರತದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇದು ದೇಶದ ಸರಾಸರಿ. ಲೈನ್ ಮನೆಯ ಅಂಕಿ ಏನೆಂಬುದನ್ನು ನೀವೇ ಅಳೆದು ಕಂಡುಕೊಳ್ಳಬೇಕು.

ಅಪಾಯದ ಸೂಚನೆ: ನಿಮ್ಮ ಪ್ರಶ್ನೆಗೆ ತೋಟಕ್ಕೆ ಹೋಗುವ ಮೊದಲೇ ಉತ್ತರ ಬರೆಯಲು ಸಾಧ್ಯವಾದರೆ, ಅದನ್ನು ಇನ್ನಷ್ಟು ಕಿರಿದಾಗಿಸಬೇಕು.

## ಹಂತ 2: ತೋಟದ ಕ್ಯಾಲೆಂಡರಿಗೆ ಅಧ್ಯಯನವನ್ನು ಹೊಂದಿಸಿ

ವಿಶ್ವವಿದ್ಯಾಲಯದ ಸೆಮಿಸ್ಟರಿಗೂ ತೋಟದ ಕೆಲಸಕ್ಕೂ ತಾಳಮೇಳವಿಲ್ಲ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರಿನಲ್ಲಿ ಶುರುವಾಗಿ ಜನವರಿಯವರೆಗೆ ನಡೆಯುತ್ತದೆ. ರೊಬಸ್ಟಾ ಅದರ ಹಿಂದೆಯೇ ಬಂದು ಮಾರ್ಚಿನವರೆಗೂ ಎಳೆಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ. ಓದು, ಪ್ರಶ್ನೆ, ಅನುಮತಿ ಅರ್ಜಿ, ಹಾಳೆಗಳ ತಯಾರಿ ಎಲ್ಲವೂ ಮಳೆಗಾಲದಲ್ಲೇ ಮುಗಿದಿರಬೇಕು. ನವೆಂಬರಿನ ಅರೇಬಿಕಾ ಕೊಯ್ಲಿನಲ್ಲಿ ಪ್ರಾಯೋಗಿಕ ಅಳತೆ, ರೊಬಸ್ಟಾ ಕೊಯ್ಲಿನಲ್ಲಿ ಮುಖ್ಯ ಅಳತೆ. ಜನವರಿಯಲ್ಲಿ ಅನುಮತಿಗೆ ಅರ್ಜಿ ಹಾಕಿದವರಿಗೆ ಆ ವರ್ಷದ ಕೊಯ್ಲು ಕೈತಪ್ಪಿದಂತೆಯೇ ಸರಿ.

ಸಾಧ್ಯವಿದ್ದವರು ಮಳೆಗಾಲದಲ್ಲಿ ಒಂದು ಸುತ್ತು ದಿನಚರಿಯನ್ನು ಮತ್ತೆ ತೆಗೆದುಕೊಳ್ಳಬೇಕು. ಆಗ ಕೊಯ್ಲಿರುವುದಿಲ್ಲ, ಕಳೆ ತೆಗೆಯುವುದು, ಚಿಗುರು ತೆಗೆಯುವುದು, ಗೊಬ್ಬರ ಹಾಕುವುದು ಇರುತ್ತದೆ. ಮನೆಯಲ್ಲಿ ಒಣ ಸೌದೆಯ ಕಷ್ಟ, ಬಟ್ಟೆ ಒಣಗಿಸುವ ಕಷ್ಟ ಕೂಡಿಕೊಳ್ಳುತ್ತದೆ. ಒಂದೇ ಋತುವಿನ ಲೆಕ್ಕವನ್ನು ಇಡೀ ವರ್ಷದ್ದೆಂದು ಬರೆಯುವುದು ದೊಡ್ಡ ತಪ್ಪು.

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ, ಊರಿನ ದೇವಸ್ಥಾನದ ಹಬ್ಬ, ಸಂತೆಯ ದಿನ, ಬಟವಾಡೆಯ ದಿನ ಇವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಆ ದಿನಗಳ ದಿನಚರಿಯನ್ನು ಬಿಸಾಡಬೇಡಿ, ಕೆಲಸದ ದಿನಗಳ ಜೊತೆ ಬೆರೆಸದೆ ಪ್ರತ್ಯೇಕ ಗುಂಪಾಗಿ ಇಡಿ. ಸಂತೆಯ ದಿನ ತೋಟಕ್ಕೆ ರಜೆ ಇರಬಹುದು. ಅಂದೇ ಹೆಂಗಸರು ವಾರದ ಬಟ್ಟೆ ಒಗೆದು, ಸೌದೆ ತಂದು, ಸಾಮಾನು ಹೊತ್ತು ತರುತ್ತಾರೆ.

## ಹಂತ 3: ಹಿಂದಿನ ಅಧ್ಯಯನಗಳನ್ನು ಮೂರು ಕಡೆ ಹುಡುಕಿ

ಭಾರತದ ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಕೃಷಿ ಮತ್ತು ಬೆಳೆಯ ವಿವರಗಳಿಗೆ ಕಾಫಿ ಮಂಡಳಿಯ ಪ್ರಕಟಣೆಗಳು ಮತ್ತು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಇವೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಗ್ರಂಥಾಲಯದಲ್ಲಿ ನೆರಳುಮರ, ಮಣ್ಣು, ಕಾಡಂಚಿನ ಬದುಕಿನ ಬಗ್ಗೆ ಹುಡುಕಬಹುದು.

ಕಾಫಿ ವಿಜ್ಞಾನ, ದುಡಿಮೆಯ ದೇಹವಿಜ್ಞಾನ, ಮಹಿಳಾ ಅಧ್ಯಯನ ಈ ಮೂರರಿಂದಲೂ ಓದಿದ್ದನ್ನು ಒಂದೇ ಕೋಷ್ಟಕದಲ್ಲಿ ಬರೆಯಿರಿ. ಯಾರನ್ನು ಅಳೆದರು, ಯಾವ ಕೆಲಸವನ್ನು, ಯಾವ ತಿಂಗಳಲ್ಲಿ, ಉತ್ತರ ಕೊಟ್ಟವರು ಗಂಡಸರೋ ಹೆಂಗಸರೋ ಎಂಬ ನಾಲ್ಕು ಅಂಕಣಗಳು ಸಾಕು. ಕೊನೆಯ ಅಂಕಣವನ್ನು ತುಂಬಿಸುವಾಗ, ‘ಕುಟುಂಬದ ಯಜಮಾನ’ನನ್ನು ಮಾತ್ರ ಕೇಳಿ ಹೆಂಗಸರ ಕೆಲಸದ ಬಗ್ಗೆ ತೀರ್ಮಾನ ಬರೆದ ಅಧ್ಯಯನಗಳು ತಾವಾಗಿಯೇ ಬೇರೆಯಾಗುತ್ತವೆ.

## ಹಂತ 4: ಅನುಮತಿ ಮತ್ತು ಒಪ್ಪಿಗೆ

ಇದು ಅರ್ಜಿಯ ಔಪಚಾರಿಕತೆ ಎಂದು ತಿಳಿದವರ ಅಂಕಿಅಂಶಗಳನ್ನು ನಾನಂತೂ ನಂಬುವುದಿಲ್ಲ. ಕೂಲಿ ಕೊಡುವವರು ಅದೇ ತೋಟದವರು, ಮನೆ ಕೊಟ್ಟವರೂ ಅವರೇ. ‘ರೈಟ್ರು ಹೇಳಿದ್ರು’ (ರೈಟರ್ ಎಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತರು) ಎಂದು ಬಂದು ಕೂತವರು ಒಪ್ಪಿಗೆ ಕೊಟ್ಟವರಲ್ಲ, ಆಜ್ಞೆ ಪಾಲಿಸಿದವರು.

ಮನುಷ್ಯರನ್ನು ಒಳಗೊಂಡ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಅನ್ವಯಿಸುತ್ತದೆ. ನಾಡಿ ಬಡಿತ, ಮೈ ನೋವು, ದೇಹದ ಅಳತೆ ತೆಗೆದುಕೊಳ್ಳುವ ಅಧ್ಯಯನ ಇಂಜಿನಿಯರಿಂಗ್ ವಿಭಾಗದ್ದಾದರೂ ಸಾಂಸ್ಥಿಕ ನೈತಿಕ ಸಮಿತಿಯ ಮುಂದೆ ಹೋಗಲೇಬೇಕು. ಬುಡಕಟ್ಟು ಸಮುದಾಯಗಳನ್ನು ಈ ಮಾರ್ಗಸೂಚಿ ವಿಶೇಷ ರಕ್ಷಣೆ ಬೇಕಾದ ಗುಂಪುಗಳಲ್ಲಿ ಸೇರಿಸುತ್ತದೆ. ಯರವ, ಜೇನುಕುರುಬ, ಬೆಟ್ಟಕುರುಬ ಹೆಂಗಸರ ನಡುವೆ ಕೆಲಸ ಮಾಡುವವರು ಇದನ್ನು ಅರ್ಜಿಯಲ್ಲೇ ಬರೆಯಬೇಕು.

ತೋಟದ ಮಾಲೀಕರ ಅನುಮತಿ ತೋಟದೊಳಗೆ ಕಾಲಿಡಲು ಮಾತ್ರ. ಪ್ರತಿಯೊಬ್ಬ ಹೆಂಗಸಿನ ಒಪ್ಪಿಗೆ ಬೇರೆಯೇ ಬೇಕು, ಅದನ್ನು ರೈಟರ್, ಮೇಸ್ತ್ರಿ, ಗಂಡ ಯಾರೂ ಇಲ್ಲದ ಜಾಗದಲ್ಲಿ ಕೇಳಬೇಕು. ಮುದ್ರಿತ ಹಾಳೆಯನ್ನು ಓದಿ ಹೇಳುವ ಬದಲು ಮಾತಿನಲ್ಲಿ ಹೀಗೆ ಹೇಳಬಹುದು:

‘ಅಕ್ಕ, ನಾನು ಕಾಲೇಜಿನಿಂದ ಬಂದಿದ್ದೀನಿ, ತೋಟದವರ ಕಡೆಯವಳಲ್ಲ. ನೀವು ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡ್ತೀರಿ ಅಂತ ಬರ್ಕೋಬೇಕು, ನೀವು ಹೊರೋ ಮೂಟೆ ತೂಕ ನೋಡಬೇಕು. ನಾನು ಬರೆಯೋ ಪ್ರಬಂಧದಲ್ಲಿ ನಿಮ್ಮ ಹೆಸರು ಎಲ್ಲೂ ಬರೋದಿಲ್ಲ. ಬೇಡ ಅಂದ್ರೆ ಈಗಲೇ ಬೇಡ ಅನ್ನಿ, ನಾಳೆ ಬೇಡ ಅನ್ನಿಸಿದ್ರೆ ನಾಳೆ ಹೇಳಿ. ಇದರಿಂದ ನಿಮ್ಮ ಕೂಲಿ ಹೆಚ್ಚಾಗೋದೂ ಇಲ್ಲ, ಕಮ್ಮಿ ಆಗೋದೂ ಇಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅಳತೆ ಮುಗಿದ ಮೇಲೆ ಕೂಲಿ ಏರುತ್ತದೆ ಎಂಬ ಆಸೆ ಹುಟ್ಟಿಸಿ ಪಡೆದ ಸಹಕಾರ ಅನ್ಯಾಯದ್ದು, ಅದು ಉತ್ತರಗಳನ್ನೂ ಹಿಗ್ಗಿಸುತ್ತದೆ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಓದುಬರಹ ಬಲ್ಲ ನಿಷ್ಪಕ್ಷಪಾತ ಸಾಕ್ಷಿ ಬೇಕು, ಆ ಸಾಕ್ಷಿ ತೋಟದ ಸಿಬ್ಬಂದಿಯಾಗಿರಬಾರದು. 18 ವರ್ಷದೊಳಗಿನವರು ಕೊಯ್ಯುತ್ತಿರುವುದು ಕಂಡರೆ ಏನು ಮಾಡಬೇಕು ಎಂಬುದನ್ನು ಮಾರ್ಗದರ್ಶಕರೊಡನೆ ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳಿ. ಅಲ್ಲಿ ನಿಂತು ಯೋಚಿಸಲು ಸಮಯವಿರುವುದಿಲ್ಲ.

ಭಾಷೆಯ ಮಾತು ಕೂಡ ಇಲ್ಲೇ ತೀರ್ಮಾನವಾಗಬೇಕು. ಒಂದೇ ತೋಟದಲ್ಲಿ ಕನ್ನಡ, ಯರವ ಭಾಷೆ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು ಕೇಳಿಬರಬಹುದು, ಅಸ್ಸಾಮಿನಿಂದ ಬಂದವರಿದ್ದರೆ ಅವರ ಭಾಷೆಯೂ ಸೇರುತ್ತದೆ. ದುಭಾಷಿಯಾಗಿ ಮೇಸ್ತ್ರಿಯನ್ನು ಕರೆದುಕೊಳ್ಳಬೇಡಿ. ಅದೇ ಸಮುದಾಯದ, ಬೇರೆ ಲೈನಿನ ಓದಿದ ಹೆಣ್ಣುಮಗಳು ಸಿಕ್ಕರೆ ಅವರಿಗೆ ಸರಿಯಾದ ಸಂಭಾವನೆ ಕೊಟ್ಟು, ಪ್ರಬಂಧದಲ್ಲಿ ಅವರ ಪಾಲನ್ನು ದಾಖಲಿಸಬೇಕು. ಹೆಸರು ಹಾಕಬೇಕೇ ಬೇಡವೇ ಎಂಬುದನ್ನು ಅವರೇ ಹೇಳಲಿ.

## ಹಂತ 5: ಯಾರನ್ನು ಆಯ್ದುಕೊಳ್ಳಬೇಕು

ಚೆಕ್‌ರೋಲಿನ, ಎಂದರೆ ತೋಟದ ಹಾಜರಿ ಮತ್ತು ಕೂಲಿ ಪಟ್ಟಿಯ, ಹೆಸರುಗಳಿಂದ ಆಯ್ಕೆ ಮಾಡುವುದು ಸುಲಭ. ಆದರೆ ಕಿಲೋ ಲೆಕ್ಕದಲ್ಲಿ ಕೊಯ್ಯುವಾಗ ಮನೆಮಂದಿಯೆಲ್ಲ ಕೊಯ್ದ ಹಣ್ಣು ಒಬ್ಬರದೇ ಹೆಸರಿಗೆ ತೂಗುವ ರೂಢಿ ಇರುವ ಕಡೆ, ಹೆಂಡತಿ, ಮಗಳು, ಅತ್ತೆ ಪಟ್ಟಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಚೆಕ್‌ರೋಲನ್ನು ನೋಡಿದ ಮೇಲೆ, ಒಂದು ಬೆಳಿಗ್ಗೆ ಕಾಫಿ ಗಿಡಗಳ ಸಾಲಿನಲ್ಲಿ ನಿಂತು ನಿಜವಾಗಿ ಕೊಯ್ಯುತ್ತಿರುವವರನ್ನು ಎಣಿಸಿ. ಎರಡು ಎಣಿಕೆಗಳ ನಡುವಿನ ಅಂತರವನ್ನು ಬರೆದಿಡಿ, ಅದೂ ನಿಮ್ಮ ಅಧ್ಯಯನದ ಒಂದು ಫಲಿತಾಂಶವೇ.

ಲೈನಿನಲ್ಲಿ ವಾಸಿಸುವವರು, ಹಾಡಿಯಿಂದ (ಬುಡಕಟ್ಟಿನವರ ವಸತಿಯಿಂದ) ಅಥವಾ ಹತ್ತಿರದ ಊರಿನಿಂದ ಜೀಪಿನಲ್ಲಿ ಬರುವವರು, ಕೊಯ್ಲಿಗೆಂದೇ ಹೊರರಾಜ್ಯದಿಂದ ಬಂದವರು, ಈ ಮೂರು ಗುಂಪುಗಳ ದಿನ ಒಂದೇ ತೆರನಲ್ಲ. ಸ್ವಂತ ಸಣ್ಣ ತೋಟದಲ್ಲಿ ಕೂಲಿಯಿಲ್ಲದೆ ದುಡಿಯುವ ಬೆಳೆಗಾರ ಕುಟುಂಬದ ಹೆಂಗಸರು ನಾಲ್ಕನೆಯ ಗುಂಪು. ಎಲ್ಲರನ್ನೂ ತೆಗೆದುಕೊಳ್ಳಲು ಸಮಯವಿಲ್ಲದಿದ್ದರೆ ಒಂದು ಗುಂಪನ್ನು ಮಾತ್ರ ತೆಗೆದುಕೊಂಡು ಶೀರ್ಷಿಕೆಯಲ್ಲೇ ಹಾಗೆಂದು ಹೇಳಿ.

## ಹಂತ 6: ದಿನಚರಿ ಹಾಳೆ

ಇಡೀ ಅಧ್ಯಯನದ ಅಡಿಪಾಯ ಈ ಹಾಳೆ. ರಾಷ್ಟ್ರೀಯ ಸಮೀಕ್ಷೆಯು ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗಿನ 24 ಗಂಟೆಗಳನ್ನು ಅರ್ಧ ಗಂಟೆಯ ಭಾಗಗಳಾಗಿ ಕೇಳುತ್ತದೆ. ನೀವೂ ಅದೇ ಚೌಕಟ್ಟು ಇಟ್ಟುಕೊಂಡರೆ ನಿಮ್ಮ ಅಂಕಿಯನ್ನು ದೇಶದ ಅಂಕಿಯ ಪಕ್ಕದಲ್ಲಿ ಇಡಬಹುದು.

ಪ್ರತಿ ಅರ್ಧ ಗಂಟೆಗೆ ನಾಲ್ಕು ಅಂಕಣಗಳಿರಲಿ: ಏನು ಮಾಡಿದರು, ಅದರ ಜೊತೆಗೆ ಇನ್ನೇನು ನಡೆಯುತ್ತಿತ್ತು, ಎಲ್ಲಿ, ಯಾರು ಜೊತೆಗಿದ್ದರು. ಎರಡನೆಯ ಅಂಕಣ ಇಲ್ಲದ ಹಾಳೆಗಳಿಂದಲೇ ಹೆಚ್ಚಿನ ಅಧ್ಯಯನಗಳು ಕೆಡುತ್ತವೆ. ಒಂದು ಸಾಲು ಹೀಗಿರಬಹುದು: ‘5.30ರಿಂದ 6.00: ಮಧ್ಯಾಹ್ನದ ಬುತ್ತಿಗೆ ಅನ್ನ ಬೇಯಿಸಿದರು, ಜೊತೆಗೆ: ಮಗುವಿಗೆ ಹಾಲೂಡಿಸಿದರು, ನಲ್ಲಿಗೆ ಕೊಡ ಇಟ್ಟು ಬಂದರು, ಜಾಗ: ಅಡುಗೆ ಒಲೆ ಮತ್ತು ಲೈನಿನ ನಲ್ಲಿ, ಜೊತೆಗಿದ್ದವರು: ಅತ್ತೆ.’ ಒಂದೇ ಅಂಕಣವಿದ್ದರೆ ಇದು ಬರೀ ‘ಅಡುಗೆ’ ಎಂದು ದಾಖಲಾಗಿ ಮಗುವಿನ ಆರೈಕೆಯೂ ನೀರು ತರುವುದೂ ಮಾಯವಾಗುತ್ತಿತ್ತು.

‘ನಿನ್ನೆ ಮನೆಗೆಲಸಕ್ಕೆ ಎಷ್ಟು ಗಂಟೆ ಆಯಿತು?’ ಎಂದು ಒಟ್ಟಾಗಿ ಕೇಳಬೇಡಿ. ಎದ್ದ ಹೊತ್ತಿನಿಂದ ಶುರುಮಾಡಿ ‘ಆಮೇಲೆ?’ ಎನ್ನುತ್ತಾ ಹೋಗಿ. ಗಡಿಯಾರ ನೋಡದವರಿಗೆ ಬಸ್ಸು ಹಾದ ಹೊತ್ತು, ಶಾಲೆಯ ಗಂಟೆ, ಮಸೀದಿಯ ಬಾಂಗ್, ತೋಟಕ್ಕೆ ಕರೆಯುವ ಗಂಟೆ ಇವು ಗುರುತುಗಳಾಗುತ್ತವೆ. ಆ ಗುರುತುಗಳ ನಿಜವಾದ ಸಮಯವನ್ನು ನೀವೇ ಒಂದು ದಿನ ಅಲ್ಲಿದ್ದು ಬರೆದುಕೊಂಡಿರಬೇಕು.

ಕೊಯ್ಲಿನ ಸಾಲಿನಲ್ಲಿ ಸಂದರ್ಶನ ಬೇಡವೇ ಬೇಡ. ಕಿಲೋ ಲೆಕ್ಕದ ಕೂಲಿಯಲ್ಲಿ ನಿಮ್ಮ ಅರ್ಧ ಗಂಟೆ ಅವರ ಗಳಿಕೆಯಿಂದ ಕಳೆದುಹೋಗುತ್ತದೆ. ಸಂಜೆ ಮನೆಗೆಲಸದ ನಡುವೆ, ಅವರ ಕೈ ನಿಲ್ಲಿಸದೆ, ಅವರು ಹೇಳಿದ ಹೊತ್ತಿಗೆ ಹೋಗಿ. ಆನೆ ಓಡಾಡುವ ಕಡೆಗಳಲ್ಲಿ ಕತ್ತಲಾಗುವ ಮೊದಲು ನೀವು ತೋಟದಿಂದ ಹೊರಗಿರಬೇಕು. ದಾರಿ ಯಾವುದು ಸುರಕ್ಷಿತ ಎಂಬುದನ್ನು ಅಲ್ಲಿಯ ಕೆಲಸದವರನ್ನೇ ಪ್ರತಿದಿನ ಕೇಳಿ.

ಅಪಾಯದ ಸೂಚನೆ: ಎಲ್ಲ ಹಾಳೆಗಳಲ್ಲೂ ದಿನ ಒಂದೇ ಥರ ಕಂಡರೆ ನೀವು ಕೇಳುತ್ತಿಲ್ಲ, ತುಂಬಿಸುತ್ತಿದ್ದೀರಿ. ಉತ್ತರಿಸುವಾಗ ಹೆಂಗಸು ಪದೇ ಪದೇ ಬಾಗಿಲ ಕಡೆ ನೋಡಿದರೆ ಮಾತು ನಿಲ್ಲಿಸಿ, ಬೇರೆ ದಿನ ಬನ್ನಿ.

## ಹಂತ 7: ಭಾರ, ದೂರ, ಇಳಿಜಾರು

ತಕ್ಕಡಿಯನ್ನು ಪ್ರತಿ ಬೆಳಿಗ್ಗೆ ಮತ್ತು ಸಂಜೆ ತೂಕ ಗೊತ್ತಿರುವ ಕಲ್ಲಿನಿಂದ ಪರೀಕ್ಷಿಸಿ, ಎರಡೂ ಅಂಕಿಯನ್ನು ಬರೆಯಿರಿ. ಸಂಜೆಯ ಅಂಕಿ ಬೇರೆಯಾಗಿದ್ದರೆ ಆ ದಿನದ ತೂಕಗಳನ್ನು ಬಳಸುವ ಹಾಗಿಲ್ಲ.

ಇಲ್ಲಿ ಎರಡು ತೂಕಗಳನ್ನು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಕೂಲಿಗೆ ಲೆಕ್ಕವಾಗುವುದು ಹಣ್ಣಿನ ತೂಕ, ಬೆನ್ನಿಗೆ ಬೀಳುವುದು ಒಟ್ಟು ತೂಕ. ಇಬ್ಬನಿಯಲ್ಲಿ ನೆನೆದ ಗೋಣಿಚೀಲ, ಅದರೊಳಗಿನ ಎಲೆ, ಕೈಯಲ್ಲಿರುವ ಬುತ್ತಿ, ಕಂಕುಳಲ್ಲಿರುವ ಮಗು ಇವೆಲ್ಲ ದೇಹದ ಲೆಕ್ಕಕ್ಕೆ ಸೇರಬೇಕು. ಹಾಗಾಗಿ ಮೂಟೆಯನ್ನು ಹೊತ್ತಂತೆಯೇ ಒಮ್ಮೆ ತೂಗಿ, ಖಾಲಿ ಚೀಲವನ್ನು ಬೇರೆಯಾಗಿ ತೂಗಿ. ರೈಟರ್ ಪುಸ್ತಕದಲ್ಲಿ ಬರೆದ ತೂಕವನ್ನೂ ಪಕ್ಕದಲ್ಲಿ ದಾಖಲಿಸಿ, ಆದರೆ ವ್ಯತ್ಯಾಸ ಕಂಡಾಗ ಅಲ್ಲಿಯೇ ಜೋರಾಗಿ ಹೇಳಬೇಡಿ. ಅದರ ಫಲ ಉಣ್ಣಬೇಕಾದವರು ಆ ಹೆಂಗಸರು. ಅದನ್ನು ಎತ್ತಬೇಕೇ, ಹೇಗೆ ಎತ್ತಬೇಕು ಎಂದು ಅವರನ್ನು ಕೇಳಿ ಮುಂದುವರಿಯಿರಿ.

ದೂರವನ್ನು ಫೋನಿನ ಜಿಪಿಎಸ್ ಮೇಲೆ ಬಿಡಬೇಡಿ. ದಟ್ಟ ನೆರಳುಮರಗಳ ಕೆಳಗೆ ಅದರ ಗುರುತು ಅತ್ತಿತ್ತ ಹಾರುವುದರಿಂದ ಚಿಕ್ಕ ದಾರಿಗಳ ಅಳತೆ ತಪ್ಪುತ್ತದೆ. ಟೇಪು ಹಿಡಿದು ದಾರಿಯನ್ನು ತುಂಡುತುಂಡಾಗಿ ಅಳೆದು, ಪ್ರತಿ ತುಂಡಿನ ಇಳಿಜಾರನ್ನು ಬರೆಯಿರಿ. ಒದ್ದೆ, ಕಲ್ಲು, ಮೆಟ್ಟಿಲು, ಚರಂಡಿ ದಾಟು ಇವನ್ನೂ ಗುರುತಿಸಿ.

## ಹಂತ 8: ದೇಹದ ಅಳತೆ

ಮೈ ಮುಟ್ಟಿ ಅಳೆಯುವ ಕೆಲಸವನ್ನು ಹೆಣ್ಣು ಸಂಶೋಧಕರೇ, ಮರೆಯಿರುವ ಜಾಗದಲ್ಲಿ ಮಾಡಬೇಕು. ಎತ್ತರ, ಮೊಣಕೈ ಎತ್ತರ, ಕೈ ಮೇಲೆತ್ತಿದಾಗ ತಲುಪುವ ಎತ್ತರ, ಅಂಗೈ ಅಗಲ, ಹಿಡಿತದ ಸುತ್ತಳತೆ ಸಾಕು. ಬೇಡದ ಅಳತೆ ತೆಗೆಯಬೇಡಿ.

ನೋವಿನ ಬಗ್ಗೆ ಕೇಳಲು ನಾರ್ಡಿಕ್ ಪ್ರಶ್ನಾವಳಿ ಹೆಚ್ಚು ಬಳಕೆಯಲ್ಲಿದೆ. ಅದು ದೇಹವನ್ನು 9 ಭಾಗಗಳಾಗಿ ವಿಂಗಡಿಸಿ, ಕಳೆದ 12 ತಿಂಗಳು ಮತ್ತು ಕಳೆದ 7 ದಿನಗಳ ತೊಂದರೆಯನ್ನು ಕೇಳುತ್ತದೆ. ಪ್ರಶ್ನೆಯ ಜೊತೆ ದೇಹದ ಚಿತ್ರ ತೋರಿಸಿ, ಅವರೇ ಬೆರಳಿಟ್ಟು ತೋರಿಸಲಿ. 12 ತಿಂಗಳ ಲೆಕ್ಕವನ್ನು ‘ಹೋದ ವರ್ಷದ ಇದೇ ಕೊಯ್ಲಿನಿಂದ ಈಚೆಗೆ’ ಎಂದು ಕೇಳಿದರೆ ನೆನಪು ಸರಿಯಾಗಿ ನಿಲ್ಲುತ್ತದೆ. ಮುಟ್ಟಿನ ದಿನ, ಬಸಿರು, ಬಾಣಂತನ ಇವುಗಳ ಬಗ್ಗೆ ಕೇಳುವುದಿದ್ದರೆ ಅದನ್ನು ನೈತಿಕ ಸಮಿತಿಯ ಅರ್ಜಿಯಲ್ಲಿ ಬರೆದಿರಬೇಕು.

ನಾಡಿ ಬಡಿತಕ್ಕೆ ಎದೆಪಟ್ಟಿಯೇ ಸರಿ. ಮಣಿಕಟ್ಟಿನ ಪಟ್ಟಿ ಕೊಯ್ಯುವ ಕೈಯ ಚಲನೆಯಿಂದ ತಪ್ಪು ಅಂಕಿ ಕೊಡಬಹುದು. ಕೆಲಸಕ್ಕೆ ಮುನ್ನ ಕೂತು ವಿಶ್ರಾಂತಿಯಲ್ಲಿದ್ದಾಗಿನ ಬಡಿತ ತೆಗೆದುಕೊಳ್ಳದಿದ್ದರೆ ಮುಂದಿನ ಅಂಕಿಗಳಿಗೆ ಆಧಾರವೇ ಇರುವುದಿಲ್ಲ.

ಭಾರ ಎತ್ತುವ ಮಿತಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್‌ನ ಸಮೀಕರಣವನ್ನು ಹಲವರು ಕಣ್ಣುಮುಚ್ಚಿ ಹಾಕುತ್ತಾರೆ. ಅದು ಅತ್ಯಂತ ಅನುಕೂಲಕರ ಸ್ಥಿತಿಯಲ್ಲಿ 23 ಕಿಲೋದಿಂದ ಶುರುವಾಗಿ, ಪ್ರತಿಯೊಂದು ಅನನುಕೂಲಕ್ಕೂ ಮಿತಿಯನ್ನು ಇಳಿಸುತ್ತಾ ಹೋಗುತ್ತದೆ. ಆದರೆ ಎರಡೂ ಕೈಯಿಂದ, ಜಾರದ ನೆಲದ ಮೇಲೆ ಎತ್ತಿ ಇಳಿಸುವ ಕೆಲಸಕ್ಕೆ ಮಾಡಿದ ಸಮೀಕರಣ ಅದು. ತಲೆಯ ಮೇಲೆ ಮೂಟೆ ಹೊತ್ತು ಇಳಿಜಾರಿನಲ್ಲಿ ನಡೆಯುವುದಕ್ಕೆ ಅನ್ವಯಿಸುವುದಿಲ್ಲ. ಮೂಟೆಯನ್ನು ನೆಲದಿಂದ ಎತ್ತುವ ಕ್ಷಣಕ್ಕೆ ಮಾತ್ರ ಬಳಸಿ, ನಡಿಗೆಗೆ ನಾಡಿ ಬಡಿತವನ್ನು ನೆಚ್ಚಿ, ಎರಡರ ಮಿತಿಯನ್ನೂ ಪ್ರಬಂಧದಲ್ಲಿ ಹೇಳಿ.

## ಹಂತ 9: ಈಗ ಉಪಕರಣದ ಮಾತು

ಇಲ್ಲಿಯವರೆಗಿನ ಅಂಕಿಗಳನ್ನು ನೋಡಿದರೆ ಕೆಲವೊಮ್ಮೆ ಯಂತ್ರವೇ ಬೇಕಿಲ್ಲ ಎಂಬುದು ಗೊತ್ತಾಗುತ್ತದೆ. ತೂಕದ ಜಾಗವನ್ನು ಸಾಲಿನ ಹತ್ತಿರಕ್ಕೆ ತರುವುದು ಅಥವಾ ಚಿಕ್ಕ ಚೀಲ ಕೊಡುವುದು ಸಾಕಾಗಬಹುದು. ಅದನ್ನು ಹಾಗೆಯೇ ಬರೆಯಲು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಿಂಜರಿಯಬಾರದು, ಅದೂ ವಿನ್ಯಾಸವೇ.

ಉಪಕರಣ ಬೇಕೆಂದಾದರೆ, ತಲುಪುವ ಎತ್ತರವನ್ನು ನಿಮ್ಮ ಗುಂಪಿನ ಕುಳ್ಳಗಿನವರಿಗೆ, ಎಂದರೆ 5ನೇ ಶತಾಂಶಕ್ಕೆ (ನೂರರಲ್ಲಿ ಐವರು ಮಾತ್ರ ಅದಕ್ಕಿಂತ ಕಡಿಮೆ ಇರುವ ಅಳತೆಗೆ) ಹೊಂದಿಸಿ. ಕೈ ತೂರಿಸುವ ಜಾಗವನ್ನು 95ನೇ ಶತಾಂಶಕ್ಕೆ ಹೊಂದಿಸಿ. ಸರಾಸರಿಗೆ ಮಾಡಿದ ಹಿಡಿ ಅರ್ಧ ಜನರಿಗೆ ಹೊಂದುವುದಿಲ್ಲ. ಕಂಪಿಸುವ ಯಂತ್ರವಾದರೆ ಕೈಗೆ ತಾಗುವ ಕಂಪನವನ್ನೂ ಅಳೆಯಬೇಕು. ಯುರೋಪಿನ ನಿಯಮವು 8 ಗಂಟೆಯ ಕೆಲಸದಲ್ಲಿ ಕಂಪನದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ದಾಟಿದರೆ ಕ್ರಮ ಕೈಗೊಳ್ಳಬೇಕೆಂದೂ 5 ಮೀಟರ್ ದಾಟಬಾರದೆಂದೂ ಹೇಳುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮಾದರಿ ತೋರಿಸುವ ದಿನವೇ ಕೇಳಿ: ಈ ಯಂತ್ರ ಬಂದರೆ ಅದನ್ನು ಯಾರ ಕೈಗೆ ಕೊಡುತ್ತಾರೆ, ಕಿಲೋ ದರ ಏನಾಗುತ್ತದೆ? ಹೆಂಗಸರ ಕೆಲಸ ಹಗುರ ಮಾಡಲೆಂದು ಬಂದ ಯಂತ್ರ ಗಂಡಾಳಿನ ಕೈಗೆ ಹೋಗಿ, ಹೆಂಗಸರಿಗೆ ನೆಲಕ್ಕೆ ಉದುರಿದ ಹಣ್ಣು ಹೆಕ್ಕುವ ಕೆಲಸ ಉಳಿಯುವುದಾದರೆ ಆ ವಿನ್ಯಾಸ ತನ್ನ ಗುರಿಯನ್ನು ಮುಟ್ಟಿಲ್ಲ.

## ಹಂತ 10: ಲೆಕ್ಕ ಮತ್ತು ಬರವಣಿಗೆ

ಒಬ್ಬರೇ ಹೆಂಗಸಿನ ಐದು ದಿನದ ಅಳತೆ ಐದು ಬೇರೆ ಹೆಂಗಸರ ಅಳತೆಗೆ ಸಮನಲ್ಲ. ಇದನ್ನು ಮರೆತು ಎಲ್ಲವನ್ನೂ ಒಟ್ಟಿಗೆ ಸುರಿದರೆ ಫಲಿತಾಂಶ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಒಬ್ಬೊಬ್ಬರ ಅಳತೆಗಳನ್ನು ಒಂದೊಂದು ಗುಂಪಾಗಿ ಪರಿಗಣಿಸುವ ‘ಮಿಶ್ರ ಮಾದರಿ’ ಎಂಬ ಸಾಂಖ್ಯಿಕ ವಿಧಾನವನ್ನು ಬಳಸಿ, ಅಥವಾ ಪ್ರತಿಯೊಬ್ಬರಿಗೂ ಮೊದಲು ಒಂದೇ ಸರಾಸರಿ ತೆಗೆದು ಮುಂದುವರಿಯಿರಿ. ಚಿಕ್ಕ ಗುಂಪುಗಳಿಗೆ ಶೇಕಡಾವಾರು ಬೇಡ, ನೇರ ಎಣಿಕೆ ಕೊಡಿ.

ಕೂಲಿಯ ಗಂಟೆ, ಮನೆಯ ಗಂಟೆ, ನಿದ್ದೆಯ ಗಂಟೆ, ಹೊತ್ತ ಭಾರ ನಾಲ್ಕನ್ನೂ ಒಂದೇ ಕೋಷ್ಟಕದಲ್ಲಿ, ಒಂದೇ ಸಾಲಿನಲ್ಲಿ ಇಡಿ. ಸಂದರ್ಶನದ ಮಾತುಗಳನ್ನು ಬೇರೆ ಅಧ್ಯಾಯಕ್ಕೆ ತಳ್ಳಬೇಡಿ. ಅಂಕಿ ಮತ್ತು ಮಾತು ಹೊಂದದ ಕಡೆ, ಉದಾಹರಣೆಗೆ ಭಾರ ಕಡಿಮೆಯಿದ್ದ ದಿನವೇ ಹೆಚ್ಚು ದಣಿವು ಎಂದಿದ್ದರೆ, ದಿನಚರಿಯ ಆ ದಿನವನ್ನು ತೆರೆದು ನೋಡಿ. ಕಾರಣ ಹಿಂದಿನ ರಾತ್ರಿಯ ಸಾಲುಗಳಲ್ಲಿ ಇರಬಹುದು.

ತೋಟದ ಹೆಸರು, ಲೈನಿನ ಜಾಗ, ಸಮುದಾಯ, ವಯಸ್ಸು ಇಷ್ಟನ್ನು ಒಟ್ಟಿಗೆ ಬರೆದರೆ ಹೆಸರು ಮುಚ್ಚಿದರೂ ಆ ಹೆಂಗಸು ಯಾರೆಂದು ಊರಿಗೆ ಗೊತ್ತಾಗುತ್ತದೆ. ಒಂದೆರಡನ್ನು ಬಿಡಿ. ಹೆಸರು ಮತ್ತು ಗುರುತು ಸಂಖ್ಯೆಯ ಪಟ್ಟಿಯನ್ನು ಅಂಕಿಅಂಶಗಳಿಂದ ಬೇರೆ ಕಡೆ ಬೀಗ ಹಾಕಿಡಿ. ಕೃತಿಚೌರ್ಯ ತಪಾಸಣೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಗುವುದರಿಂದ, ವಿಧಾನದ ಅಧ್ಯಾಯವನ್ನು ಬೇರೆ ಪ್ರಬಂಧದಿಂದ ಎತ್ತಬೇಡಿ.

## ಹಂತ 11: ಸಲ್ಲಿಸುವ ಮೊದಲು ಲೈನಿಗೆ ಮರಳಿ ಹೋಗಿ

ಕರಡು ಸಿದ್ಧವಾದ ಮೇಲೆ, ಮುದ್ರಣಕ್ಕೆ ಮೊದಲು, ಅಳತೆ ಕೊಟ್ಟ ಹೆಂಗಸರ ಬಳಿ ಹೋಗಿ ಮುಖ್ಯ ಅಂಕಿಗಳನ್ನು ಮಾತಿನಲ್ಲಿ ಹೇಳಿ. ಗೆರೆ ಎಳೆದ ದೊಡ್ಡ ಹಾಳೆಯಲ್ಲಿ ಒಂದು ದಿನದ 24 ಗಂಟೆಯನ್ನು ಬಣ್ಣಗಳಲ್ಲಿ ತೋರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಒಬ್ಬೊಬ್ಬರ ಅಂಕಿಯನ್ನು ಎಲ್ಲರ ಮುಂದೆ ಹೇಳಬಾರದು, ಗುಂಪಿನ ಅಂಕಿಯನ್ನಷ್ಟೇ ಹೇಳಬೇಕು. ‘ಇದು ಸರಿಯಿಲ್ಲ, ನೀರಿಗೆ ಇಷ್ಟು ಕಮ್ಮಿ ಹೊತ್ತಾ?’ ಎಂದು ಯಾರಾದರೂ ಕೇಳಿದರೆ ಹಾಳೆಗಳನ್ನು ಮತ್ತೆ ತೆಗೆದು, ನೀರಿನ ಕೆಲಸ ಯಾವ ಅಂಕಣದಲ್ಲಿ ಅಡಗಿದೆ ಎಂದು ಹುಡುಕಿ. ತಿದ್ದಿದ್ದನ್ನು, ತಿದ್ದದೆ ಉಳಿಸಿದ್ದನ್ನು, ಎರಡರ ಕಾರಣವನ್ನೂ ದಿನಾಂಕದೊಡನೆ ಅನುಬಂಧದಲ್ಲಿ ಸೇರಿಸಿ, ಆಮೇಲೆ ಪ್ರಬಂಧವನ್ನು ವಿಭಾಗಕ್ಕೆ ಸಲ್ಲಿಸಿ.